ಕಣ್ಣು ಕುಕ್ಕುವ ಹಣೆದೀಪ
ರಾತ್ರಿ ಕಡಲ ದಡದಲ್ಲಿ ಗಾಳ ಹಾಕಿ ಕೂರುವವನಿಗೆ ಕತ್ತಲೆಯೇ ಅರ್ಧ ಆಸ್ತಿ. ಆದರೆ ಪಕ್ಕದಲ್ಲಿ ಬಂದು ನಿಲ್ಲುವ ಕೆಲವರು ಹಣೆಗೆ ಕಟ್ಟಿಕೊಂಡ ಟಾರ್ಚನ್ನು ಒಮ್ಮೆ ಹೊತ್ತಿಸಿದರೆ ಮನೆಗೆ ಹೊರಡುವವರೆಗೂ ಆರಿಸುವುದಿಲ್ಲ. ಸಾಲದ್ದಕ್ಕೆ, ಅದೇ ಹಣೆಯನ್ನು ನೇರವಾಗಿ ನಮ್ಮ ಮುಖಕ್ಕೆ ತಿರುಗಿಸಿ, ‘ಏನಾದರೂ ಸಿಕ್ಕಿತೇ?’ ಎಂದು ಕೇಳುತ್ತಾರೆ. ಕಣ್ಣು ಕತ್ತಲೆಗೆ ಚೆನ್ನಾಗಿ ಒಗ್ಗಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದನ್ನು ಕೆಡಿಸಲು ಪ್ರಖರವಾದ ಬಿಳಿ ಬೆಳಕಿನ ಒಂದೇ ಹೊಡೆತ ಸಾಕು. ಒದ್ದೆಯಾದ, ಪಾಚಿಗಟ್ಟಿದ ಬಂಡೆಯ ಮೇಲೆ ನಿಂತವನಿಗೆ ಮುಂದಿನ ಹೆಜ್ಜೆ ಎಲ್ಲಿಡಬೇಕು, ಅಲೆ ಎಲ್ಲಿಯವರೆಗೆ ಏರಿದೆ ಎಂಬುದೇ ಕಾಣದಿದ್ದರೆ ಅದು ಬರೀ ಕಿರಿಕಿರಿಯಲ್ಲ, ಅಪಾಯ.

ನೀರಿನ ಮೇಲೆ ಬೆಳಕು ಆಡಿಸುವವರದು ಇನ್ನೊಂದು ಕಥೆ. ದೀಪ ಕಂಡರೆ ಮೀನು ಬರುತ್ತದೆ ಎಂಬುದು ಅವರ ವಾದ. ಒಂದೇ ಕಡೆ ಸ್ಥಿರವಾಗಿ ಉರಿಯುವ ದೀಪದ ಸುತ್ತ ಸಣ್ಣ ಜೀವಿಗಳೂ ಅವುಗಳ ಬೆನ್ನಿಗೆ ಮೀನುಗಳೂ ಸೇರುವುದುಂಟು, ನಿಜ; ಆದರೆ ಮೇಯಲು ಮೊಣಕಾಲುದ್ದದ ನೀರಿಗೆ ಬಂದ ಮೀನಿನ ಮೇಲೆ ಥಟ್ಟನೆ ಬೀಸಿದ ಬೆಳಕು ಅದನ್ನು ಬೆದರಿಸಿ ಓಡಿಸುವ ಸಂಭವವೇ ಹೆಚ್ಚು.

ಎರೆ ಸಿಕ್ಕಿಸಲು, ಗಂಟು ಹಾಕಲು, ಕೊಕ್ಕೆ ಬಿಡಿಸಲು ಬೆಳಕು ಬೇಕೇ ಬೇಕು. ಮರಳಿನ ದಡವಾದರೆ ನೀರಿಗೆ ಬೆನ್ನು ಮಾಡಿ (ಬಂಡೆಯ ಮೇಲೆ ಮಾತ್ರ ಕಡಲಿಗೆ ಎಂದೂ ಬೆನ್ನು ತಿರುಗಿಸಬಾರದು), ಟಾರ್ಚನ್ನು ಕೈಯತ್ತ ಬಾಗಿಸಿ, ಕೆಲಸ ಮುಗಿದೊಡನೆ ಆರಿಸಬಹುದು. ಅನೇಕ ಟಾರ್ಚುಗಳಲ್ಲಿ ಕತ್ತಲೆಗೆ ಒಗ್ಗಿದ ಕಣ್ಣನ್ನು ಅಷ್ಟಾಗಿ ಕೆಡಿಸದ ಮಂದವಾದ ಕೆಂಪು ದೀಪವೂ ಇರುತ್ತದೆ. ಅದರ ಗುಂಡಿಯನ್ನು ಒತ್ತಿದವರನ್ನು ನಾನಂತೂ ಕಂಡದ್ದು ಅಪರೂಪ.