ಟೈರು ತೆಳ್ಳಗಿದ್ದರೆ ಇರಲಿ ಬಿಡಿ

ಹಳೆಯ ಸ್ಪೋರ್ಟ್ಸ್ ಕಾರಿಗೆ ಅಗಲದ ಟೈರು ಹಾಕಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಟುವಾಯಿತು ಎನ್ನಿಸಿದರೆ ಎನ್ನಿಸಲಿ. ಹೋದ ವಾರ ನನ್ನ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಕಾರಿನ ಫೋಟೊ ಹಾಕಿದಾಗ ಊರಿನವರು, ಇಲ್ಲಿಯವರು ಎಲ್ಲರೂ ಸೇರಿ ಕೇಳಿದ್ದು ಒಂದೇ ಮಾತು: ಕಾರೇನೋ ಚೆನ್ನಾಗಿದೆ, ಚಕ್ರ ಯಾಕೆ ಅಷ್ಟು ಬಡಕಲು? ಸಾಗರದ ಭಾವ ಫೋನನ್ನೇ ಮಾಡಿ, "ಅಷ್ಟು ದುಡ್ಡು ಸುರಿದು ಸೈಕಲ್ ಚಕ್ರದ ಕಾರು ತಂದಿದ್ದೀಯಲ್ಲ ಮಾರಾಯ" ಎಂದರು. ಅವರಿಗೆ ಫೋನಿನಲ್ಲಿ ಅರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿದೆ. ಉದ್ದವಿದೆ, ಪುರುಸೊತ್ತಿದ್ದವರು ಓದಿ.

ಮೊದಲು ಕಾರಿನ ವಿಷಯ. 1966ರ ಎಂಜಿಬಿ, ಮೇಲ್ಛಾವಣಿ ಮಡಚುವ ಎರಡು ಸೀಟಿನ ಗಾಡಿ. ಇದು ಹುಟ್ಟಿದ್ದು ನಾನು ವಾಸವಾಗಿರುವ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ಗೆ ಈಗ ಸೇರಿರುವ ಆಬಿಂಗ್‌ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ. 1962ರಿಂದ 1980ರವರೆಗೆ ಈ ಬಗೆಯ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಿದ್ದವು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆಗೇ ಬೀಗ ಬಿತ್ತು. ಹಾಗಾಗಿ ಇದೇನೂ ಅಪರೂಪದ ಮಾಲಲ್ಲ, ಅರಮನೆಯ ಲಾಯದಿಂದ ಬಂದದ್ದೂ ಅಲ್ಲ. ನನಗೆ ಇದು ಹಿಡಿಸಿದ್ದೇ ಅದಕ್ಕೆ. ಬಾಗಿಲಿನ ಹಿಡಿಯಿಂದ ಹಿಡಿದು ಕಾರ್ಬುರೇಟರಿನ ಸೂಜಿಯವರೆಗೆ ಎಲ್ಲ ಬಿಡಿಭಾಗವೂ ಇವತ್ತಿಗೂ ಹೊಸದಾಗಿ ಸಿಗುತ್ತದೆ. 1988ರಿಂದ ಇಡೀ ಬಾಡಿಯನ್ನೇ ಹಳೆಯ ಅಚ್ಚುಗಳಲ್ಲಿ ಒತ್ತಿ ಮಾರುತ್ತಿದ್ದಾರೆ. ತುಕ್ಕು ತಿಂದರೆ ತಿನ್ನಲಿ ಎನ್ನುವ ಧೈರ್ಯದಲ್ಲಿ ಇಟ್ಟುಕೊಳ್ಳಬಹುದಾದ ಹಳೆಯ ಕಾರು ಎಂದರೆ ಇದೊಂದೇ ಇರಬೇಕು.

ಎಂಜಿನ್ 1798 ಸಿಸಿ, ಎರಡು ಎಸ್‌ಯು ಕಾರ್ಬುರೇಟರು, ಹೊಸದರಲ್ಲಿ 95 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ಹನ್ನೆರಡು ಸೆಕೆಂಡು ಬೇಕು. ಇವತ್ತಿನ ಸಾಧಾರಣ ಸಂಸಾರಸ್ಥರ ಕಾರು ಕೂಡ ಸಿಗ್ನಲ್ಲಿನಲ್ಲಿ ಇದನ್ನು ಹಿಂದೆ ಹಾಕಿ ಹೋಗುತ್ತದೆ, ಹಾಕುತ್ತಲೂ ಇರುತ್ತದೆ. ಮೊದಲ ಗೇರಿಗೆ ಸಿಂಕ್ರೊಮೆಷ್, ಅಂದರೆ ಗೇರಿನ ಹಲ್ಲುಗಳ ವೇಗ ಹೊಂದಿಸುವ ಏರ್ಪಾಡು, ಇಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಆ ಗೇರಿಗೆ ಎಳೆದರೆ ಕಾರು ಹಲ್ಲು ಕಡಿಯುತ್ತದೆ. ಬ್ರೇಕಿಗೆ ಕಾಲಿನ ಶ್ರಮ ತಗ್ಗಿಸುವ ಸರ್ವೊ ಇಲ್ಲ, ಸ್ಟೇರಿಂಗಿಗೆ ಪವರ್ ಇಲ್ಲ. ಹಾಗಾದರೆ ಇದರಲ್ಲಿ ಸ್ಪೋರ್ಟ್ಸ್ ಎಲ್ಲಿದೆ ಎಂದು ಕೇಳಿದರೆ, ಸ್ವಾಮಿ, ಅದು ಆ ಬಡಕಲು ಟೈರಿನಲ್ಲೇ ಇದೆ.

ತಿರುವಿನಲ್ಲಿ ಯಾವ ಟೈರೂ ರಿಮ್ ನೋಡುತ್ತಿರುವ ದಿಕ್ಕಿಗೇ ನೆಟ್ಟಗೆ ಹೋಗುವುದಿಲ್ಲ. ರಬ್ಬರು ತುಸು ತಿರುಚಿಕೊಳ್ಳುತ್ತದೆ, ತುಸು ಓರೆಯಾಗಿ ಸಾಗುತ್ತದೆ. ವೇಗ ಹೆಚ್ಚಿದಂತೆ ಆ ಓರೆ ಹೆಚ್ಚುತ್ತದೆ, ಕೊನೆಗೊಂದು ಹಂತದಲ್ಲಿ ಹಿಡಿತ ತಪ್ಪುತ್ತದೆ. ತೆಳ್ಳನೆಯ, ಎತ್ತರದ ಪಕ್ಕೆಯ ರೇಡಿಯಲ್ ಟೈರಿನಲ್ಲಿ ಈ ಎರಡರ ನಡುವಿನ ಅಂತರ ದೊಡ್ಡದು. ಸ್ಟೇರಿಂಗ್ ಹಗುರಾಗತೊಡಗುತ್ತದೆ, ಹಿಂಭಾಗ ಮೆಲ್ಲಗೆ ಸರಿಯುವುದು ಸೊಂಟಕ್ಕೆ ಗೊತ್ತಾಗುತ್ತದೆ, ಕಾಲು ಹದವಾಗಿ ಸಡಿಲಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ಬರ್ಫರ್ಡ್‌ನಿಂದ ಬೈಬರಿಗೆ ಹೋಗುವ ರಸ್ತೆಯಲ್ಲಿ ಗಂಟೆಗೆ ಎಪ್ಪತ್ತು ಕಿಲೋಮೀಟರ್ ದಾಟದೆಯೇ ಈ ಸುಖವೆಲ್ಲ ಸಿಗುತ್ತದೆ. ಅಗಲದ ಟೈರಿನಲ್ಲಿ ಇದೇ ಅನುಭವ ಬೇಕಾದರೆ ಪರವಾನಗಿ ಕಳೆದುಕೊಳ್ಳುವಷ್ಟು ವೇಗದಲ್ಲಿ ಹೋಗಬೇಕು. ಅಲ್ಲಿಯೂ ಅದು ಮುನ್ಸೂಚನೆ ಕೊಡುವುದು ಕಡಿಮೆ. ಹಿಡಿದಿರುತ್ತದೆ, ಹಿಡಿದಿರುತ್ತದೆ, ತಟ್ಟನೆ ಬಿಟ್ಟುಬಿಡುತ್ತದೆ.

ಇದು ಓದಿ ಕಲಿತ ಮಾತಲ್ಲ. ಕಾರು ಮಾರಿದವರು ಇದಕ್ಕೆ 185/60 ಆರ್14 ಟೈರು ಹಾಕಿಸಿದ್ದರು; ಅಂದರೆ ಅಗಲ 185 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ಶೇಕಡ 60, ರಿಮ್ಮಿನ ವ್ಯಾಸ 14 ಇಂಚು. ನೋಡಲು ಗಟ್ಟಿಮುಟ್ಟಾಗಿ ಕಾಣುತ್ತಿತ್ತು, ನಿಜ. ಆದರೆ ನಿಲ್ಲಿಸುವ ಜಾಗದಲ್ಲಿ ಸ್ಟೇರಿಂಗ್ ತಿರುಗಿಸಿದರೆ ರಟ್ಟೆ ನೋಯುತ್ತಿತ್ತು. ಹಿಂದೆ ಇಬ್ಬರ ಸಾಮಾನು ಹೇರಿದರೆ ಟೈರಿನ ಪಕ್ಕೆ ಮಡ್‌ಗಾರ್ಡಿನ ಒಳಅಂಚಿಗೆ ಉಜ್ಜಿ ಸುಟ್ಟ ವಾಸನೆ ಬರುತ್ತಿತ್ತು. ಕಾರ್ಖಾನೆಯವರು ಕೊಟ್ಟ ರಿಮ್ಮಿನ ಅಗಲ ನಾಲ್ಕೂವರೆ ಇಂಚು ಮಾತ್ರ. ಅದಕ್ಕೆ ಅಷ್ಟು ದಪ್ಪದ ಟೈರು ಕಟ್ಟಿದರೆ ಅದು ಎರಡೂ ಬದಿಗೆ ಉಬ್ಬಿ ನಿಲ್ಲುತ್ತದೆ. ಇನ್ನು ಲೆಕ್ಕ ನೋಡಿ: 165/80 ಟೈರಿನ ವ್ಯಾಸ ಸುಮಾರು 620 ಮಿಲಿಮೀಟರ್, 185/60ರದ್ದು 578. ಚಕ್ರ ಚಿಕ್ಕದಾದ್ದರಿಂದ ಅದೇ ವೇಗಕ್ಕೆ ಎಂಜಿನ್ ಶೇಕಡ ಏಳರಷ್ಟು ಹೆಚ್ಚು ಸುತ್ತು ಹಾಕಬೇಕು. ಓವರ್‌ಡ್ರೈವ್ (ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು) ಇಲ್ಲದ ಎಂಜಿಬಿ ಗಂಟೆಗೆ 70 ಮೈಲಿಯಲ್ಲಿ ಮೊದಲೇ ನಿಮಿಷಕ್ಕೆ 3900 ಸುತ್ತಿನ ಆಸುಪಾಸಿನಲ್ಲಿ ಅರಚುತ್ತಿರುತ್ತದೆ. ಅದರ ಮೇಲೆ ಇದು. ಸ್ಪೀಡೋಮೀಟರ್ ಕೂಡ ಇಲ್ಲದ ವೇಗವನ್ನು ಇದೆ ಎಂದು ತೋರಿಸುತ್ತದೆ. ಬಹುಶಃ ಹಾಕಿಸಿದವರಿಗೆ ಅದೇ ಬೇಕಾಗಿತ್ತೋ ಏನೋ.

ನಾಲ್ಕನ್ನೂ ಕಳಚಿ 165 ಹಾಕಿಸಿದೆ. 1966ರಲ್ಲಿ ಈ ಕಾರಿಗೆ ಬರುತ್ತಿದ್ದದ್ದು 5.60-14 ಅಳತೆಯ ಕ್ರಾಸ್‌ಪ್ಲೈ, ಅಂದರೆ ಒಳಗಿನ ಎಳೆಗಳನ್ನು ಓರೆಯಾಗಿ ಹೆಣೆದ ಹಳೆಯ ಬಗೆಯ ಟೈರು. ಹೆಚ್ಚು ಹಣ ಕೊಟ್ಟವರಿಗೆ 155ರ ರೇಡಿಯಲ್ ಸಿಗುತ್ತಿತ್ತು. 165 ಬಂದದ್ದು ಆಮೇಲೆ. ಅಂದರೆ ಭಾವನವರ ಕಣ್ಣಿಗೆ ಸೈಕಲ್ಲಿನಂತೆ ಕಂಡ ಈ ಟೈರೇ ಮೂಲಕ್ಕಿಂತ ಒಂದು ಸುತ್ತು ದಪ್ಪ! ಪಿರೆಲ್ಲಿಯವರು ಹಳೆಯ ಸಿಂಟುರಾಟೊ ಸಿಎ67 ಟೈರನ್ನು ಹಳೆಯ ಗೆರೆಗಳಲ್ಲೇ ಹೊಸ ರಬ್ಬರಿನಿಂದ ಈಗಲೂ ಮಾಡುತ್ತಾರೆ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಬಣ್ಣಕ್ಕೂ ಕ್ರೋಮಿಗೂ ಸಾವಿರಾರು ಪೌಂಡ್ ಸುರಿದು, ರಸ್ತೆಗೆ ತಾಗುವ ನಾಲ್ಕು ಅಂಗೈಯಷ್ಟು ಜಾಗದಲ್ಲಿ ಜಿಪುಣತನ ಮಾಡುವ ಬುದ್ಧಿ ನನಗೆ ಅರ್ಥವಾಗುವುದಿಲ್ಲ.

ಇನ್ನು ತಂತಿಯ ಚಕ್ರ. ಒಂದೊಂದಕ್ಕೆ 60 ಸ್ಪೋಕು. ನಾಲ್ಕೈದು ಬೋಲ್ಟುಗಳ ಬದಲು, ಚಕ್ರ ಕೂರುವ ನಡುಭಾಗದ ಹಬ್ಬಿನ (hub) ತುದಿಯಲ್ಲಿ ಎರಡು ಕಿವಿಗಳಿರುವ ಒಂದೇ ಒಂದು ದೊಡ್ಡ ನಟ್ಟು. ತಾಮ್ರದ ಸುತ್ತಿಗೆಯಿಂದ ಆ ಕಿವಿಗೆ ಬಡಿದು ಬಿಗಿಯಬೇಕು, ಬಡಿದೇ ಬಿಚ್ಚಬೇಕು. ಕಬ್ಬಿಣದ ಸುತ್ತಿಗೆ ಹಿಡಿದರೆ ಕ್ರೋಮ್ ಹಾಳು. ಎಡಗಡೆಯ ಹಬ್ಬಿಗೆ ಮಾಮೂಲಿ ತಿರುಪು, ಬಲಗಡೆಗೆ ಉಲ್ಟಾ ತಿರುಪು. ತಮಾಷೆ ಏನೆಂದರೆ, ಎರಡೂ ಬದಿಯಲ್ಲಿ ನಟ್ಟು ಬಿಚ್ಚುವ ದಿಕ್ಕು, ಕಾರು ಮುಂದೆ ಹೋಗುವಾಗ ಚಕ್ರ ಉರುಳುವ ದಿಕ್ಕೇ. ಹಾಗಾದರೆ ಓಡುತ್ತಾ ಓಡುತ್ತಾ ಬಿಚ್ಚಿಕೊಳ್ಳಬೇಕಲ್ಲವೇ? ಇಲ್ಲ. ಭಾರ ಹೊತ್ತು ಉರುಳುವಾಗ ನಟ್ಟು ಚಕ್ರದಿಂದ ಕೂದಲೆಳೆಯಷ್ಟು ಹಿಂದೆ ಬೀಳುತ್ತಾ ಹೋಗುತ್ತದೆ, ಆ ಹಿಂದೆ ಬೀಳುವಿಕೆಯೇ ಅದನ್ನು ಬಿಗಿಯುತ್ತದೆ. ರಿಪೇರಿಯಲ್ಲಿ ಎಡದ ಹಬ್ಬನ್ನು ಬಲಕ್ಕೆ ಹಾಕಿದರೆ ಮಾತ್ರ ಚಕ್ರ ನಿಮಗಿಂತ ಮೊದಲು ಊರು ತಲುಪುತ್ತದೆ. ಅಮೆರಿಕದವರ ಸುರಕ್ಷತಾ ನಿಯಮ 1968ರಲ್ಲಿ ಈ ಕಿವಿಗಳನ್ನು ಕತ್ತರಿಸಿತು. ಅಲ್ಲಿಗೆ ಹೋದ ಕಾರುಗಳಿಗೆ ಎಂಟು ಮೂಲೆಯ ನಟ್ಟು ಬಂತು. ದಾರಿಹೋಕರ ಕಾಲಿಗೆ ತಗಲಬಾರದು ಎಂಬ ಕಾಳಜಿ ಸರಿಯೇ. ಆದರೂ ನನ್ನ ಮತ ಕಿವಿಗೇ.

ಚಳಿಗಾಲದ ಕೊನೆಗೆ ಚಕ್ರಗಳನ್ನು ಕಳಚಿ ಹಬ್ಬಿನ ಹಲ್ಲುಗಳಿಗೆ ಗ್ರೀಸು ಬಳಿಯುವುದು ನನ್ನ ವರ್ಷದ ಕೆಲಸ. ಒಣಗಿದರೆ ಆ ಹಲ್ಲು ಸವೆಯುತ್ತದೆ. ಹಿಂದಕ್ಕೆ ತೆಗೆದು ಮುಂದಕ್ಕೆ ಹಾಕಿದಾಗ ಹಿಂದಿನಿಂದ "ಟಕ್" ಎಂದರೆ ಸವೆದಿದೆ ಎಂದೇ ಅರ್ಥ. ಆಮೇಲೆ ಸ್ಪ್ಯಾನರಿನ ತುದಿಯಿಂದ ಸ್ಪೋಕುಗಳನ್ನು ಒಂದೊಂದಾಗಿ ತಟ್ಟುತ್ತೇನೆ, ಸಂತೆಯಲ್ಲಿ ಮಡಕೆ ಕೊಳ್ಳುವವರು ತಟ್ಟಿ ನೋಡುವಂತೆ. ಬಿಗಿಯಾಗಿರುವುದು ಕಿಣಿ ಎನ್ನುತ್ತದೆ, ಸಡಿಲವಾದದ್ದು ಮೊಂಡು ದನಿಯಲ್ಲಿ ಗೊಣಗುತ್ತದೆ. ಅಗಲದ ಟೈರಿದ್ದಾಗ ಗೊಣಗುವವು ಜಾಸ್ತಿ ಇದ್ದವು. ಹಿಡಿತ ಹೆಚ್ಚಿದಷ್ಟೂ ತಿರುವಿನ ಒತ್ತಡವೆಲ್ಲ ಈ ತಂತಿಗಳ ಮೇಲೆ, ಹಬ್ಬಿನ ಹಲ್ಲಿನ ಮೇಲೆ, ಬೇರಿಂಗಿನ ಮೇಲೆ ಬೀಳುತ್ತದೆ. ಅಷ್ಟನ್ನು ಹೊರಲು ಅವನ್ನು ಮಾಡಿಯೇ ಇಲ್ಲ.

ಈ ರಿಮ್ಮಿನಲ್ಲಿ ಸ್ಪೋಕಿನ ತೂತುಗಳಿರುವುದರಿಂದ ಟ್ಯೂಬು ಬೇಕೇ ಬೇಕು. ಈಗಿನ ಟೈರುಗಳ ಒಳಗೆ ತಯಾರಕರು ಅಂಟಿಸಿದ ಚೀಟಿ ಇರುತ್ತದೆ. ಟ್ಯೂಬ್‌ಲೆಸ್ ಬಳಸುವವರಿಗೆ ಅದರಿಂದ ಬಾಧಕವಿಲ್ಲ. ಟ್ಯೂಬು ಹಾಕುವವರು ಅದನ್ನು ಕಿತ್ತು ಒರೆಸದಿದ್ದರೆ ಚೀಟಿಯ ಅಂಚು ಉಜ್ಜಿ ಉಜ್ಜಿ ಟ್ಯೂಬು ತೂತಾಗುತ್ತದೆ. ಮೊಳೆಯೂ ಇಲ್ಲ, ಗಾಜೂ ಇಲ್ಲ, ಪಂಕ್ಚರ್ ಹೇಗಾಯಿತು ಎಂದು ತಲೆ ಕೆರೆದುಕೊಳ್ಳುವ ಎಷ್ಟೋ ಜನರ ಸಮಸ್ಯೆ ಈ ಚೀಟಿ. ಬ್ಯಾಲೆನ್ಸಿಂಗ್ ಕೂಡ ಎಲ್ಲರ ಕೈಲಾಗುವ ಕೆಲಸವಲ್ಲ. ತಂತಿಯ ಚಕ್ರವನ್ನು ಅದರ ಎರಡು ಇಳಿಜಾರು ಅಂಚುಗಳ ಮೇಲೆಯೇ ಕೂರಿಸಬೇಕು, ಅದಕ್ಕೆ ಬೇರೆಯೇ ಶಂಕುಗಳು ಬೇಕು. ಅವು ಇಲ್ಲದ ಅಂಗಡಿಯಲ್ಲಿ ಕೊಟ್ಟರೆ ಬ್ಯಾಲೆನ್ಸ್ ಆಯಿತು ಎಂಬ ರಸೀದಿ ಸಿಗುತ್ತದೆ, ಸ್ಟೇರಿಂಗ್ ಮಾತ್ರ ನಡುಗುತ್ತಲೇ ಇರುತ್ತದೆ.

ನನಗೆ ನಿಜಕ್ಕೂ ಸಿಟ್ಟು ತರಿಸುವುದು ಮಾತ್ರ ಟೈರಿನ ವಯಸ್ಸು. ಹಳೆಯ ಕಾರುಗಳು ವರ್ಷಕ್ಕೆ ಓಡುವುದು ಅಷ್ಟಕ್ಕಷ್ಟೆ. ಹಾಗಾಗಿ ಬಟನ್ ಸವೆಯುವುದೇ ಇಲ್ಲ, ನೋಡಿದರೆ ಹೊಸ ಟೈರಿನಂತೆಯೇ ಇರುತ್ತದೆ. ಒಳಗೆ ರಬ್ಬರು ಒಣಗಿ ಕೊರಡಾಗಿರುತ್ತದೆ. ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ, ನೋಡಿ: 1413 ಎಂದಿದ್ದರೆ 2013ರ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು. ಬರೀ ಮೂರು ಅಂಕಿ ಇದ್ದರೆ ಅದು ಹೋದ ಶತಮಾನದ ಟೈರು, ಆ ಕಾರಿನಲ್ಲಿ ಕೂರಬೇಡಿ. 2012ರಲ್ಲಿ ಸಂಗೀತೋತ್ಸವದಿಂದ ಮರಳುತ್ತಿದ್ದ ಬಸ್ಸೊಂದು ಇಲ್ಲಿಯ ಹೈಂಡ್‌ಹೆಡ್ ಬಳಿ ಅಪಘಾತಕ್ಕೀಡಾಗಿ ಮೂವರು ಸತ್ತರು. ಒಡೆದ ಟೈರಿಗೆ 19 ವರ್ಷ ದಾಟಿತ್ತು, ಬಟನ್ ಬೇಕಾದಷ್ಟಿತ್ತು. 2021ರ ಫೆಬ್ರವರಿಯಿಂದ ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ದಾಟಿದ ಟೈರು ಹಾಕುವಂತಿಲ್ಲ ಎಂಬ ಕಾನೂನು ಬಂತು. ಕಾರುಗಳಿಗೆ ಅದು ಅನ್ವಯಿಸುವುದಿಲ್ಲ. ಅದರ ಮೇಲೆ, ನಲವತ್ತು ವರ್ಷ ದಾಟಿದ ಕಾರುಗಳಿಗೆ ರಸ್ತೆ ತೆರಿಗೆ ಮೊದಲೇ ಇರಲಿಲ್ಲ, ಅವುಗಳಲ್ಲಿ ಹೆಚ್ಚು ಮಾರ್ಪಾಡು ಮಾಡದವಕ್ಕೆ 2018ರಿಂದ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಮಾಲೀಕರಿಗೆ ಖುಷಿ. ಆದರೆ ಬಗ್ಗಿ ಟೈರು ನೋಡುತ್ತಿದ್ದ ಒಬ್ಬನೇ ಒಬ್ಬ ಹೊರಗಿನವನನ್ನೂ ಮನೆಗೆ ಕಳಿಸಿದ ಹಾಗಾಯಿತು.

ನಿಲ್ಲಿಸಿಟ್ಟರೆ ಟೈರು ಬಾಳುತ್ತದೆ ಎಂಬುದೂ ಸುಳ್ಳು. ರಬ್ಬರಿನಲ್ಲಿ ಬಿರುಕು ತಡೆಯುವ ಮೇಣ ಬೆರೆಸಿರುತ್ತಾರೆ. ಟೈರು ಓಡಿ, ಬಾಗಿ, ಬಳುಕಿದರೆ ಮಾತ್ರ ಅದು ಮೇಲಿನ ಪದರಕ್ಕೆ ಬರುತ್ತದೆ. ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ ಕಾರಿನ ಟೈರೇ ಮೊದಲು ಬಿರುಕು ಬಿಡುತ್ತದೆ.

ಬೆಂಗಳೂರಿನ ಗೆಳೆಯರು ಕೇಳುತ್ತಿರುತ್ತಾರೆ, ಅಲ್ಲಿ ಇಂಥದ್ದನ್ನು ಇಟ್ಟುಕೊಳ್ಳಬಹುದೇ ಎಂದು. ಇಟ್ಟುಕೊಂಡವರು ಇದ್ದಾರೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆ ಬೇರೆಯೇ ನೋಂದಣಿ ತಂದಿತು. ಸಂಖ್ಯೆಯಲ್ಲಿ "ವಿಎ" ಎಂಬ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಂಥವಕ್ಕಷ್ಟೇ ಹೊರಗೆ ತೆಗೆಯಬೇಕು, ನಿತ್ಯದ ಓಡಾಟಕ್ಕಲ್ಲ. ಕಾರನ್ನು ಕಾಪಾಡುವ ಉದ್ದೇಶ ಒಳ್ಳೆಯದೇ. ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆ ಸುಮ್ಮನೆ ಒಂದು ಸುತ್ತು ಹೋಗಿಬರುವುದಕ್ಕೂ ಅದರಲ್ಲಿ ಜಾಗ ಮಾಡಬೇಕಿತ್ತು. ಇನ್ನು ಅಳತೆಯ ವಿಷಯಕ್ಕೆ ಬಂದರೆ, 165/80 ಆರ್14 ನಮ್ಮಲ್ಲಿ ಬೀದಿಬೀದಿಗೂ ಸಿಗುವ ಟೈರು. ಮಾರುತಿ ಡಿಜೈರ್‌ನ ಕಡಿಮೆ ಬೆಲೆಯ ಮಾದರಿಗೆ ಅದೇ ಬರುತ್ತಿತ್ತು. ಭಾವನವರದ್ದೂ ಅದೇ ಕಾರು. ಈ ಎತ್ತರದ ಪಕ್ಕೆ ಬೆಂಗಳೂರಿನ ಗುಂಡಿಯಲ್ಲಿ ರಿಮ್ಮನ್ನು ಉಳಿಸುವಂತೆ ಆ 60ರ ಪಕ್ಕೆ ಖಂಡಿತ ಉಳಿಸುವುದಿಲ್ಲ.

ಕೊನೆಗೆ, ಟೈರು ಬದಲಿಸುವವರಿಗೆ ಒಂದು ವಿಷಯ. ರೇಡಿಯಲ್ ಹಾಕಿದ ಎಂಜಿಬಿಗೆ ಪುಸ್ತಕ ಹೇಳುವ ಗಾಳಿ ಮುಂದೆ 21 ಪಿಎಸ್‌ಐ, ಹಿಂದೆ 24. ಅಂಗಡಿಯ ಹುಡುಗರಿಗೆ ಇದು ಮುದ್ರಣದೋಷದಂತೆ ಕಾಣುತ್ತದೆ. ಕೈರೂಢಿಯಲ್ಲಿ 32 ತುಂಬಿಬಿಡುತ್ತಾರೆ, ಕಾರು ಕಲ್ಲಿನ ಮೇಲೆ ಕುಪ್ಪಳಿಸಿದ ಹಾಗೆ ಓಡುತ್ತದೆ. ನಾನು ಈಗ ವಾದಕ್ಕೆ ನಿಲ್ಲುವುದಿಲ್ಲ. ಹಣ ಕೊಟ್ಟು, ಅವರ ಗೇಟಿನ ಹೊರಗೇ ಕಾರು ನಿಲ್ಲಿಸಿ, ಜೇಬಿನಿಂದ ಗೇಜು ತೆಗೆದು ಗಾಳಿ ಇಳಿಸುತ್ತೇನೆ. ಅವರು ಒಳಗಿನಿಂದ ನೋಡುತ್ತಿರುತ್ತಾರೆ.