ರಾಣಿಗೆ ಮನೆಮದ್ದು

ನನ್ನ ಭಾವಮೈದನಿಗೆ ಹೊಸ ಹುಚ್ಚು ಹಿಡಿದರೆ ಖರ್ಚು ಅವನದು, ಚಾಕರಿ ನನ್ನದು. ಜೇನುಪೆಟ್ಟಿಗೆ ತಂದವನು ಅವನು, ಮುಖ ಊದಿಸಿಕೊಂಡವನು ನಾನು. ಈ ಸಲ ಕುದುರೆ. ಮೈಸೂರಿನಲ್ಲಿ ಟಾಂಗಾ ಓಡಿಸುತ್ತಿದ್ದ ಸಾಬರೊಬ್ಬರು ವಯಸ್ಸಾಯಿತೆಂದು ಗಾಡಿ ನಿಲ್ಲಿಸಿದರು. ಅವರ ಕುದುರೆಯನ್ನು ಇವನು ಶ್ರೀರಂಗಪಟ್ಟಣದ ಹತ್ತಿರದ ತನ್ನ ತೋಟಕ್ಕೆ ಹೊಡೆದುಕೊಂಡು ಬಂದ. ಹೆಸರು ರಾಣಿ. ಕಡು ಕಂದು ಮೈ, ಹಣೆಯಲ್ಲಿ ಬಿಳಿ ಬೊಟ್ಟು. ತಂದ ಎರಡೇ ವಾರಕ್ಕೆ ಆಫೀಸಿನ ಕೆಲಸ ಅಂತ ಮೂರು ತಿಂಗಳು ಜರ್ಮನಿಗೆ ಹೊರಟ. "ಹುಲ್ಲು ಹಾಕಿ, ನೀರು ಕುಡಿಸಿ, ಇನ್ನೇನಿದೆ ಭಾವ? ಹೇಗೂ ನೀವು ರಿಟೈರ್ಡು" ಅಂದ.

ತೋಟಕ್ಕೆ ಬಂದ ಮೊದಲ ದಿನವೇ ನಾನೊಂದು ಘನಕಾರ್ಯ ಮಾಡಿದೆ. ರಾಣಿಯ ಬಾಲ ನೆಲ ಗುಡಿಸುವಷ್ಟು ಉದ್ದ. ತುಂಬಾ ಸಿಕ್ಕು, ಮುಳ್ಳು, ಒಣಗಿದ ಲದ್ದಿ. ಹೆಂಡತಿಯ ಹೊಲಿಗೆ ಕತ್ತರಿ ತಂದು, ಸ್ಕೂಲ್ ಹುಡುಗಿಯ ಬಾಬ್ ಕಟ್ ಥರ ಮೋಟಾಗಿ, ಸಮವಾಗಿ ಕತ್ತರಿಸಿದೆ. ಎಷ್ಟು ನೀಟಾಗಿ ಕಂಡಿತೆಂದರೆ ನಾನೇ ನಾಲ್ಕು ಸಲ ಹಿಂದೆ ಮುಂದೆ ಓಡಾಡಿ ನೋಡಿದೆ. ಹೆಂಡತಿ ಮಾತ್ರ ಕತ್ತರಿಯನ್ನು ನೋಡಿದಳು.

ಅಷ್ಟರಲ್ಲಿ ಮಳೆ ಹಿಡಿಯಿತು. ಕಾಲುವೆಗೆ ನೀರು ಬಿಟ್ಟರು, ಗದ್ದೆಯೆಲ್ಲ ಕೆಸರು. ಹಿಂದೆಯೇ ನೊಣ ಬಂತು. ಮನೆಯಲ್ಲಿ ಬೆಲ್ಲದ ಡಬ್ಬಿ ಮೇಲೆ ಕೂರುವ ಸಾಧು ನೊಣ ಅಲ್ಲ. ಹೆಬ್ಬೆರಳಿನ ಉಗುರಿಗಿಂತ ದೊಡ್ಡದು, ಹಸಿರು ಹೊಳೆಯುವ ಕಣ್ಣು. ಇದರ ಮರಿ ಬೆಳೆಯುವುದೇ ಕೆಸರಲ್ಲಂತೆ. ಸೊಳ್ಳೆ ಹಾಗೆ ಸೂಜಿ ಚುಚ್ಚಿ ಮರ್ಯಾದೆಯಾಗಿ ಹೀರುವುದಿಲ್ಲ. ಚರ್ಮವನ್ನು ಕತ್ತರಿ ಥರ ಕೊಯ್ದು, ಒಸರಿದ ರಕ್ತ ನೆಕ್ಕುತ್ತದೆ. ರಾಣಿ ಒಂದೇ ಸಮ ಕಾಲು ಝಾಡಿಸುತ್ತಿದ್ದಳು, ಮೈ ಚರ್ಮ ನಡುಗಿಸುತ್ತಿದ್ದಳು, ಹೊಟ್ಟೆಯ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆ.

"ರಕ್ತ ಕುಡಿಯೋದು ಹೆಣ್ಣು ನೊಣ ಮಾತ್ರ. ಮೊಟ್ಟೆ ಕಟ್ಟೋಕೆ ಬೇಕಲ್ಲ. ಗಂಡು ಪಾಪ, ಹೂವಿನ ರಸ ಕುಡ್ಕೊಂಡು ಇರುತ್ತೆ" ಅಂತ ಓದಿದ್ದನ್ನು ಹೆಂಡತಿಗೆ ಹೇಳಿದೆ.

"ಅಲ್ಲೂ ಹಾಗೇನಾ" ಅಂದಳು. ಮುಂದೆ ಮಾತು ಬೆಳೆಸಲಿಲ್ಲ.

ಒಂದು ತೊಂದರೆ ಇದೆ ಅಂತ ಹಳ್ಳಿಯಲ್ಲಿ ಬಾಯಿಬಿಟ್ಟು ಹೇಳಬಾರದು. ಮದ್ದು ನಡೆದುಕೊಂಡು ಮನೆಗೆ ಬರುತ್ತದೆ. ಹಾಲಿನವನು ಹೇಳಿದ, ಹೊಗೆ ಹಾಕಿ ಅಂತ. ಬೆರಣಿ ಕೆಂಡದ ಮೇಲೆ ಹಸಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಒಂದು ಹಿಡಿ ಸಾಕು ಅಂದಿದ್ದ. ನಾನು ಒಂದು ಹೊರೆ ಹಾಕಿದೆ. ಹೊಗೆ ಇರುವಷ್ಟು ಹೊತ್ತು ಲಾಯದಲ್ಲಿ ಒಂದು ನೊಣ ಇರಲಿಲ್ಲ. ನಾನೂ ಇರಲಿಲ್ಲ. ರಾಣಿಯೂ ಇರಲಿಲ್ಲ, ಹಗ್ಗ ಕಿತ್ತುಕೊಂಡು ಪಕ್ಕದವರ ಕಬ್ಬಿನ ಗದ್ದೆಯಲ್ಲಿದ್ದಳು. ಲಾಯಕ್ಕೆ ಬೆಂಕಿ ಬಿತ್ತೆಂದು ಮೂರು ಜನ ಕೊಡಪಾನ ಹಿಡಿದು ಓಡಿ ಬಂದರು. ಅವರಿಗೆಲ್ಲ ಕಾಫಿ ಮಾಡಿಕೊಟ್ಟಿದ್ದು ಹೆಂಡತಿ.

ಆಮೇಲೆ ಬೇವಿನೆಣ್ಣೆ. ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೆರೆಸಿ ಹಚ್ಚಬೇಕಂತೆ. ಈ "ಸ್ವಲ್ಪ" ಅನ್ನೋ ಅಳತೆ ನನಗೆ ಯಾವತ್ತೂ ಕೈಗೆ ಬಂದಿಲ್ಲ. ಹಚ್ಚಿಸಿಕೊಂಡ ರಾಣಿ ಹತ್ತು ನಿಮಿಷ ಮಿರಮಿರ ಮಿಂಚಿದಳು, ಆಮೇಲೆ ನೆಲಕ್ಕೆ ಬಿದ್ದು ಹೊರಳಾಡಿ ಎದ್ದಳು. ಮೇಲಿಂದ ಕೆಳಗೆ ಮಣ್ಣು ಮೆತ್ತಿಕೊಂಡು, ರವೆಯಲ್ಲಿ ಹೊರಳಿಸಿದ ಬಾಳೆಕಾಯಿ ಥರ ಕಾಣುತ್ತಿದ್ದಳು. ನಿಜ ಹೇಳಬೇಕೆಂದರೆ ಆ ದಿನ ನೊಣ ಕಡಿಮೆಯಿತ್ತು. ಮಾರನೇ ದಿನ ಮೈಸೂರಿಗೆ ಹೋದರೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟೂ ಖಾಲಿಯಿತ್ತು, ಜನ ನಿಂತಿದ್ದರೂ.

ಹುರುಳಿ ಜೊತೆ ಬೆಳ್ಳುಳ್ಳಿ ತಿನ್ನಿಸಿ ಅಂದವರೂ ಇದ್ದರು. ಪುಣ್ಯಕ್ಕೆ ಆ ದಿನ ಪಶುವೈದ್ಯರು ಪಕ್ಕದ ಮನೆ ಎಮ್ಮೆ ನೋಡಲು ಬಂದಿದ್ದರು. ಬೆಳ್ಳುಳ್ಳಿ ಜಾಸ್ತಿ ಆದರೆ ಕುದುರೆಯ ರಕ್ತದ ಕೆಂಪು ಕಣ ಒಡೆದು ರಕ್ತಹೀನತೆ ಬರುತ್ತದೆ, ಆ ಕೆಲಸ ಮಾತ್ರ ಮಾಡಬೇಡಿ ಅಂದರು. ನೊಣವನ್ನು ಹಗುರವಾಗಿ ತಗೋಬೇಡಿ ಅಂತಲೂ ಹೇಳಿದರು. ಒಂದು ಕುದುರೆಯಿಂದ ಇನ್ನೊಂದಕ್ಕೆ 'ಸರ್ರಾ' ರೋಗ ದಾಟಿಸುವುದು ಇದೇ ನೊಣ. 1880ರಲ್ಲಿ ಗ್ರಿಫಿತ್ ಇವಾನ್ಸ್ ಅನ್ನುವ ಬ್ರಿಟಿಷ್ ಪಶುವೈದ್ಯ ಆ ರೋಗಾಣು ಕಂಡುಹಿಡಿದಿದ್ದು ನಮ್ಮ ಕಡೆಯ ಕುದುರೆ ಒಂಟೆಗಳಲ್ಲೇ, ಆಗಿನ ಪಂಜಾಬಿನಲ್ಲಿ. ಜ್ವರ ಬಂದರೆ, ಕಾಲು ಊದಿದರೆ ತಕ್ಷಣ ಫೋನ್ ಮಾಡಿ ಅಂತ ಎಮ್ಮೆ ಕಡೆ ಹೋದರು. ಬಿಡಿಸಿಟ್ಟಿದ್ದ ಬೆಳ್ಳುಳ್ಳಿ ಒಂದು ವಾರ ನಮ್ಮ ಸಾರಿಗೆ ಬಂತು.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಮಗ ಫೋನ್ ಮಾಡಿದ. ಜಪಾನಿನಲ್ಲಿ ಕರಿ ಹಸುಗಳಿಗೆ ಜೀಬ್ರಾ ಥರ ಬಿಳಿ ಪಟ್ಟೆ ಬಳಿದು ನೋಡಿದರಂತೆ, ನೊಣ ಕಚ್ಚುವುದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತಂತೆ, 2025ರಲ್ಲಿ ಅದಕ್ಕೆ ಇಗ್ ನೊಬೆಲ್ ಕೊಟ್ಟರಂತೆ. ಜನರನ್ನು ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನಾನು ಮೊದಲ ಅರ್ಧದಲ್ಲೇ ನಿಂತೆ.

ಬಣ್ಣ ಎಲ್ಲಿಂದ ತರುವುದು? ಸುಣ್ಣ ಚರ್ಮ ಸುಡುತ್ತದೆ. ಅಕ್ಕಿಹಿಟ್ಟು ಕಲಸಿ, ಗೋಡೆಗೆ ಬಣ್ಣ ಬಳಿಯುವ ಬ್ರಷ್‌ನಲ್ಲಿ ಎರಡು ಗಂಟೆ ಕೂತು ನಿಂತು ಪಟ್ಟೆ ಎಳೆದೆ. ರಾಣಿ ಕಣ್ಣು ಅರೆಮುಚ್ಚಿ ನಿಂತಿದ್ದಳು, ಬ್ಯೂಟಿ ಪಾರ್ಲರಿನಲ್ಲಿ ಇರುವ ಹಾಗೆ. ತೊಡೆಯ ಮೇಲೆ ಜಾಗ ಸಾಲದೆ ಅಡ್ಡ ಮೂರೇ ಪಟ್ಟೆ ಬಂತು. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ಅದನ್ನು ವಿಭೂತಿ ಅಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿದರು. ಸಂಜೆ ಹೊತ್ತಿಗೆ ಹಿಟ್ಟು ಒಣಗಿ ಬಿರುಕುಬಿಟ್ಟು ಇರುವೆ ಸಾಲು ಹತ್ತಿತು. ರಾತ್ರಿ ಪಕ್ಕದ ಮನೆ ಹಸು ಬೇಲಿಯಿಂದ ಕತ್ತು ಚಾಚಿ ಕೈಗೆಟುಕಿದ್ದನ್ನೆಲ್ಲ, ಅಲ್ಲ, ನಾಲಿಗೆಗೆಟುಕಿದ್ದನ್ನೆಲ್ಲ ನೆಕ್ಕಿಬಿಟ್ಟಿತ್ತು. ಬೆಳಿಗ್ಗೆ ನೋಡಿದರೆ ರಾಣಿ ಎಡಗಡೆ ಜೀಬ್ರಾ, ಬಲಗಡೆ ಕುದುರೆ.

ಆ ಭಾನುವಾರವೇ ಸಾಬರು ಬರಬೇಕಾ? ಬಸ್ಸಿಳಿದು, ಕೈಚೀಲದಲ್ಲಿ ಅರ್ಧ ಕೆಜಿ ಕ್ಯಾರೆಟ್ ಹಿಡಿದು, ಮಗಳ ಮನೆಗೆ ಬಂದ ಹಾಗೆ ಬಂದರು. ರಾಣಿ ದೂರದಿಂದಲೇ ಕೆನೆದಳು. ಸಾಬರು ಪಟ್ಟೆ ನೋಡಿದರು, ಏನೂ ಅನ್ನಲಿಲ್ಲ. ಎಣ್ಣೆ ವಾಸನೆ ನೋಡಿದರು, ಏನೂ ಅನ್ನಲಿಲ್ಲ. ಹಿಂದೆ ಹೋದರು.

"ಸ್ವಾಮಿ, ಬಾಲ ಯಾರು ತಗೊಂಡ್ರು?"

"ನಾನೇ... ನೀಟಾಗಿರಲಿ ಅಂತ..."

"ಕೈ ಕಡಿದುಹಾಕಿ ಸೊಳ್ಳೆಬತ್ತಿ ಹಚ್ಚಿಕೊಟ್ಟಿದೀರಿ" ಅಂದರು. ಜೋರಾಗಿ ಅಲ್ಲ. ಜೋರಾಗಿ ಅಂದಿದ್ದರೆ ವಾಸಿಯಿತ್ತು. ಮತ್ತೆ ಮೊದಲಿನಷ್ಟು ಬೆಳೆಯೋಕೆ ಎರಡು ಮೂರು ವರ್ಷ ಬೇಕಂತೆ.

ಲಾಯದ ಹಿಂದೆ ನಾನು ಗೊಬ್ಬರ ಆಗಲಿ ಅಂತ ಗುಡ್ಡೆ ಹಾಕಿದ್ದ ಲದ್ದಿ, ಕೊಳೆತ ಹುಲ್ಲನ್ನು ಕೋಲಿನಲ್ಲಿ ಕೆದಕಿದರು. ಬಿಳಿ ಹುಳ ಮಿಜಿಮಿಜಿ ಅಂದವು. ಕಾಲಿಗೆ ಕಚ್ಚುವ ಸಣ್ಣ ನೊಣಕ್ಕೆ ಇದೇ ತವರುಮನೆ ಅಂದರು. ಅದನ್ನು ಗಾಡಿಗೆ ತುಂಬಿ ದೂರದ ಹೊಲಕ್ಕೆ ಸಾಗಿಸುವಷ್ಟರಲ್ಲಿ ನನ್ನ ಸೊಂಟ ಹೋಯಿತು. ಹಣೆಗೆ ದಾರದ ಕುಚ್ಚು ಕಟ್ಟಿಸಿದರು, ಕಣ್ಣಿನ ಮೇಲೆ ಕೂರದ ಹಾಗೆ. ನಮ್ಮ ರೂಮಿನ ಫ್ಯಾನು ಲಾಯಕ್ಕೆ ಹೋಯಿತು. ಜೋರು ಗಾಳಿಗೆ ನೊಣ ನಿಲ್ಲುವುದಿಲ್ಲ. ಕೊನೆಗೆ ಗೋಣಿಚೀಲ ಬಿಚ್ಚಿ, ನಾರು ತೆಗೆದು, ಬಾಲದ ಉಳಿದ ಕೂದಲಿಗೆ ಸೇರಿಸಿ ಹೆಣೆದರು. ಥೇಟ್ ಚೌರಿ. ರಾಣಿ ಒಂದು ಸಲ ಬೀಸಿ ಪರೀಕ್ಷೆ ಮಾಡಿದಳು. ಅದು ಬಿದ್ದಿದ್ದು ನನ್ನ ಕೆನ್ನೆಗೆ.

ಮೊನ್ನೆ ಭಾವಮೈದ ವಿಡಿಯೋ ಕಾಲ್ ಮಾಡಿದ್ದ. "ಏನ್ ಭಾವ, ಎರಡೇ ತಿಂಗಳಿಗೆ ರಾಣಿ ಬಾಲ ನರೆತುಬಿಟ್ಟಿದೆಯಲ್ಲ?"

ನೆಟ್‌ವರ್ಕ್ ಸರಿ ಇಲ್ಲ ಅಂತ ಫೋನ್ ಇಟ್ಟೆ.