ಹಗುರದ ರೇಟು

ನಮ್ಮದು ತೂಕದ ಧಂದಾ ರೀ. ಕಲಬುರಗಿ ಗಂಜಿನಾಗ ತೊಗರಿ ಅಡತ ಅಂಗಡಿ, ಬೆಳಿಗ್ಗಿ ಕಾಟಾದ ಮುಂದ ಕುಂತ್ರ ಸಂಜಿ ತನಕ ಕಣ್ಣಿಗಿ ಕಾಣೋದು ಬರೇ ಕಿಲೋ ಮತ್ತ ಗ್ರಾಂ. ಹಂಗಾಗಿ ಯಾವ ಸಾಮಾನು ಕೈಗಿ ಬಂದ್ರೂ ಮೊದ್ಲು ತಲಿಯಾಗ ಬರೋದು ಇದು ಎಷ್ಟ ಭಾರ ಅದ ಅಂತ. ತೊಟ್ಟಿಲಿಗಿ ಹಾಕೋ ಕಾರ್ಯಕ್ಕ ಹೋದ್ರ ಎಲ್ಲರೂ ಕೂಸಿನ ಮುಖ ನೋಡಿ ಅಪ್ಪನ ಹಂಗ ಅದ, ಅವ್ವನ ಹಂಗ ಅದ ಅಂತಿದ್ರ ನಾ ಎತ್ಕೊಂಡು ನಾಕು ಕಿಲೋಕ್ಕ ಜರಾ ಕಮ್ಮಿ ಅದ ಅಂತ ಹೇಳಿ ಹೆಣ್ತಿ ಕಡಿಂದ ಬೈಸ್ಕೊಂಡೀನಿ.

ಇದು ಗೊತ್ತಿದ್ದೇ ನಮ್ಮ ಅಕ್ಕನ ಮಗ ಅಮೇರಿಕಾದಿಂದ ಫೋನ್ ಮಾಡ್ದ. ಡೆನ್ವರಿನಾಗ ಅದಾನ, ಹೋಗಿ ಭಾಳ ವರ್ಷ ಆಯ್ತು, ಅಲ್ಲಿಯವನೇ ಆಗ್ಯಾನ. "ಮಾಮಾ, ನಿಮಗ ಒಂದು ತೂಕದ ಮಾತು ಕೇಳ್ಬೇಕಾಗ್ಯಾದ್ರಿ, ಆದ್ರ ಅವ್ವಗ ಹೇಳ್ಬ್ಯಾಡ್ರಿ" ಅಂದ. ಅವ್ವಗ ಹೇಳ್ಬ್ಯಾಡ್ರಿ ಅಂದ ಕೂಡ್ಲೇ ನನ್ನ ಎದಿ ಧಸಕ್ ಅಂತು, ಏನರೆ ಲಫಡಾ ಮಾಡ್ಕೊಂಡಾನೇನೋ ಅಂತ. ನೋಡಿದ್ರ ಬೇಟಿ! ಆಫೀಸಿನ ದೋಸ್ತನ ಜೋಡಿ ಎರಡು ವರ್ಷದಿಂದ ಎಲ್ಕ್ ಬೇಟಿಗಿ ಹೋಗ್ಲತ್ತಾನಂತ, ಈಗ ಸ್ವಂತದ್ದೊಂದು ಹಗುರ ರೈಫಲ್ ತಗೋಬೇಕಂತ, ಅದೂ ದೊಡ್ಡ ಕಂಪನಿದು. ನಮ್ಮಕ್ಕ ನೋಡಿದ್ರ ಮನ್ಯಾಗ ಹಲ್ಲಿ ಸುದ್ದ ಹೊಡಿಲಾಕ ಬಿಡಂಗಿಲ್ಲ.

ಎಲ್ಕ್ ಅಂದ್ರ ನಮ್ಮ ಕಡಿ ಕಡವಿ ಇರ್ತದಲ್ಲ, ಅದರ ದೊಡ್ಡಣ್ಣ ಅಂತ ತಿಳ್ಕೋರಿ. ಬೆಳದ ಗಂಡು ಮೂರು ಕ್ವಿಂಟಲಿನ ಮ್ಯಾಲೇ ತೂಗ್ತದ. ಅಲ್ಲಿ ಅದಕ್ಕ ಲೈಸನ್ಸ್ ಅದ, ಸೀಜನ್ ಅದ, ಟ್ಯಾಗ್ ಅದ, ಎಲ್ಲಾ ಲೆಕ್ಕದ ಪ್ರಕಾರ. ರೈಫಲ್ ಹಿಡ್ಕೊಂಡು ಹೋಗೋರು ಮೈಮ್ಯಾಲ 500 ಚದರ ಇಂಚು ಕಣ್ಣಿಗಿ ಹೊಡಿಯೋ ಕೇಸರಿ ಇಲ್ಲಾ ಗುಲಾಬಿ ಬಣ್ಣದ ಬಟ್ಟಿ ಹಾಕ್ಕೋಬೇಕು, ತಲಿಮ್ಯಾಲ ಟೊಪಗಿನೂ ಅದೇ ಬಣ್ಣದ್ದು ಇರ್ಬೇಕು, ಇಲ್ದಿದ್ರ ದಂಡ. ಅವನ ಫೋಟೋ ನೋಡಿ ನನಗ ಶರಣಬಸವೇಶ್ವರ ಜಾತ್ರಿಗಿ ಹೊಂಟವರ ಹಂಗೇ ಕಂಡ. ನಮ್ಮಲ್ಲಿ 1972ರ ವನ್ಯಜೀವಿ ಕಾನೂನು ಬಂದ ಮ್ಯಾಲ ಬೇಟಿ ಅನ್ನೋದು ಮುತ್ಯಾಂದಿರ ಕಥಿಯಾಗಷ್ಟೇ ಉಳದದ, ಉಳದದ್ದೂ ಛಲೋನೇ ಆಯ್ತು, ಇಲ್ಲಂದ್ರ ಬೀದರ ಕಡಿ ಹೊಲದಾಗ ಜಿಗಿಲತ್ತಿರೋ ಚಿಗರಿ ಒಂದೂ ಕಾಣ್ತಿರಲಿಲ್ಲ.

ಬಂದೂಕದ ಬಗ್ಗೆ ನನಗೇನು ಗೊತ್ತು ಅಂತ ನೀವು ಕೇಳ್ಬಹುದು. ಮನ್ಯಾಗ ಒಂದು ಅದ ರೀ. ಮುತ್ಯಾನ ಕಾಲದ್ದು, ನಿಜಾಮನ ಆಳ್ವಿಕಿ ಇದ್ದಾಗಿಂದು, ಜೋಡ್ನಳಿಗಿ. ಚಿಂಚೋಳಿ ಕಡಿ ಹೊಲಕ್ಕ ಹಂದಿ ಕಾಟ ಅಂತ ಇಟ್ಕೊಂಡಿದ್ರಂತ. ನನ್ನ ತಿಳವಳಿಕಿ ಬಂದಾಗಿಂದ ಅದು ಮಾಡಿದ ಕೆಲಸ ಅಂದ್ರ ಎಲೆಕ್ಷನ್ ಬಂದಾಗೊಮ್ಮೆ ಠಾಣೆಗಿ ಹೋಗಿ ಕುಂದ್ರೋದು, ಎಲೆಕ್ಷನ್ ಮುಗದ ಮ್ಯಾಲ ವಾಪಸ್ ಬರೋದು. ನಮ್ಮ ಮನ್ಯಾಗ ಚುನಾವಣಾ ಸುದ್ದಿ ಟಿವಿಗಿಂತ ಮೊದ್ಲು ಬಂದೂಕಕ್ಕೇ ಗೊತ್ತಾಗ್ತದ. ಒಂದು ಸರ್ತಿ ಜಮಾ ಮಾಡ್ಲಾಕ ಒಯ್ಯುವಾಗ ನಡುವ ಅಂಗಡಿಗಿ ಹೋದೆ, ಯಾರೂ ಇರಲಿಲ್ಲ, ಸುಮ್ನ ಚೀಲದ ಸಮೇತ ಕಾಟಾದ ಮ್ಯಾಲ ಇಟ್ಟೆ. 3 ಕಿಲೋ 300. ತೊಗರಿ ಹಂಗ ಬಂದೂಕ ತೂಗಿದ ಅಡತ್ಯಾ ಈ ಗಂಜಿನಾಗ ನಾನೊಬ್ಬನೇ ಇರ್ಬೇಕು.

ಇರ್ಲಿ, ಅಳಿಯನ ಮಾತಿಗಿ ಬರ್ತೀನಿ. ಬೇಟಿ ರೈಫಲ್ ಅಂದ್ರ ಮಾಮೂಲಿ ಮೂರೂವರಿ ಕಿಲೋ ಆಸುಪಾಸು ಇರ್ತದಂತ. ಅವ ತೋರಿಸಿದ್ದು ವೆದರ್ಬಿ ಕಂಪನಿದು, ಮಾರ್ಕ್ ಫೈವ್ ಬ್ಯಾಕ್‌ಕಂಟ್ರಿ, ಟೈಟೇನಿಯಂದು. ಅದು ಎರಡು ಕಿಲೋ ಇನ್ನೂರಿನ ಹತ್ರ. ಕಿಂಬರ್ ಮೌಂಟನ್ ಅಸೆಂಟ್ ಅಂತ ಇನ್ನೊಂದು, ಅದೂ ಅಷ್ಟೇ ತೂಕ. ವೆದರ್ಬಿ ರೇಟು ಮೂರು ಸಾವಿರ ಡಾಲರಿನ ಮ್ಯಾಲ, ಅಂದ್ರ ನಮ್ಮ ರೊಕ್ಕದಾಗ ಎರಡೂವರಿ ಲಕ್ಷದ ಮ್ಯಾಲ. ಈ ಕಂಪನಿ ಕಟ್ಟಿದ ರಾಯ್ ವೆದರ್ಬಿ ಮೊದ್ಲು ಇನ್ಶೂರೆನ್ಸ್ ಮಾರ್ತಿದ್ದವ, 1945ರಾಗ ಕ್ಯಾಲಿಫೋರ್ನಿಯಾದಾಗ ಬಂದೂಕದ ಅಂಗಡಿ ಹಾಕ್ದ. ಇದು ಕೇಳಿ ನನಗ ಏನೂ ಆಶ್ಚರ್ಯ ಅನ್ಸಲಿಲ್ಲ, ಇಲ್ಲದ ಸಾಮಾನಿಗಿ ರೊಕ್ಕ ವಸೂಲಿ ಮಾಡೋ ಕಲಾ ಇನ್ಶೂರೆನ್ಸಿನವರಿಗಿ ಬಿಟ್ಟು ಇನ್ಯಾರಿಗಿ ಬರ್ತದ.

ಅದರ ಬಾಜೂಕೇ ಟಿಕ್ಕಾ ಅಂತ ಒಂದು ಫಿನ್ಲೆಂಡಿಂದು ಅದ, ಟಿ3ಎಕ್ಸ್ ಲೈಟ್. ಎರಡು ಕಿಲೋ ಎಂಟುನೂರು ಅನ್ರಿ, ರೇಟು ಸಾವಿರ ಡಾಲರಿನ ಒಳಗ. ಅದೇ ಫಿನ್ಲೆಂಡಿನ ಸಾಕೋ ಅಂದ್ರ 1921ರಿಂದ ಬಂದ ದೊಡ್ಡ ಹೆಸರು, ಟಿಕ್ಕಾನೂ ಅದರದೇ ಫ್ಯಾಕ್ಟರಿಯಾಗ ತಯಾರಾಗ್ತದ. ಇದು ನನಗ ಪಟ್ ಅಂತ ತಿಳೀತು, ಯಾಕಂದ್ರ ದಾಲ್ ಮಿಲ್ಲಿನಾಗ ಇದೇ ನಡಿತದ, ಮಿಲ್ ಒಂದೇ, ಒಂದು ಚೀಲಕ್ಕ ಬಂಗಾರ ಬಣ್ಣದ ಅಕ್ಷರ, ಇನ್ನೊಂದಕ್ಕ ಸಾದಾ. ಹಂಗಂತ ಎರಡೂ ಒಂದೇ ಅಂತಲ್ಲ, ಬಂಗಾರದ ಅಕ್ಷರದ್ದು ಇನ್ನೊಂದು ಸರ್ತಿ ಪಾಲಿಶ್ ಆಗಿರ್ತದ.

ಕಾಗದದ ಮ್ಯಾಲ ಲೆಕ್ಕ ಹಾಕ್ದೆ. ಟಿಕ್ಕಾಕ್ಕೂ ವೆದರ್ಬಿಗೂ ಫರಕು ಆರುನೂರು ಗ್ರಾಂ. ರೊಕ್ಕದ ಫರಕು ಎರಡು ಸಾವಿರ ಡಾಲರ್. ನೂರು ಗ್ರಾಂ ಕಮ್ಮಿ ಮಾಡ್ಲಾಕ ಇಪ್ಪತ್ತೈದು ಸಾವಿರದ ಮ್ಯಾಲ ಬಿತ್ತು. ಮೂವತ್ತು ವರ್ಷ ಗಂಜಿನಾಗ ಕುಂತೀನಿ, ತೂಕ ಹೆಚ್ಚಾದ್ರ ಹೆಚ್ಚು ರೊಕ್ಕ, ಕಮ್ಮಿ ಆದ್ರ ಕಮ್ಮಿ ರೊಕ್ಕ, ಕಮ್ಮಿ ತೂಗಿ ಹೆಚ್ಚು ತಗೊಂಡ್ರ ಅದಕ್ಕ ಬ್ಯಾರೇನೇ ಹೆಸರದ, ಮಂದಿ ಮುಂದ ಹೇಳಂಗಿಲ್ಲ.

"ಹೊತ್ಕೊಂಡು ಹತ್ತು ಸಾವಿರ ಅಡಿ ಎತ್ತರಕ್ಕ ಹತ್ತಿದ್ರ ಗೊತ್ತಾಗ್ತದ ಮಾಮಾ" ಅಂದ. ನನಗ ಈ ಮಾತು ಚುಚ್ಚಿತು. ಮರುದಿನ ಒಂದು ಚೀಲಿನಾಗ 3 ಕಿಲೋ 600 ಗ್ರಾಂ ತೊಗರಿ ತುಂಬಿ, ಪಟ್ಟಿ ಕಟ್ಟಿ, ಭುಜಕ್ಕ ಹಾಕ್ಕೊಂಡು ನಮ್ಮೂರಿನ ಅಪ್ಪನ ಕೆರಿ ಸುತ್ತು ಹಾಕ್ಲಾಕ ಹೋದೆ. ವಾಕಿಂಗಿನವರು "ಏನ್ ಸಾಹುಕಾರ್ರೇ, ಸ್ಯಾಂಪಲ್ ಏನ್ರಿ" ಅಂತ ಕೇಳಿದ್ರು, ಹೌದಂದೆ. ಎರಡನೇ ಸುತ್ತಿಗಿ ಪಟ್ಟಿ ಭುಜದಾಗ ಇಳಿಲಾಕ ಶುರು ಆಯ್ತು, ಮೂರನೇದಕ್ಕ ಈ ಭುಜದಿಂದ ಆ ಭುಜಕ್ಕ, ಆ ಭುಜದಿಂದ ಈ ಭುಜಕ್ಕ. ಅದರ ಮರುದಿನ 2 ಕಿಲೋ 200. ಹೆಂಗ ಆಯ್ತು ಅಂದ್ರ, ಮೂರನೇ ಸುತ್ತಿಗಿ ಚಾ ಕುಡಿಲಾಕ ಕುಂತೆ, ಎದ್ದು ಮನಿಗಿ ಬಂದೆ, ಮನಿಗಿ ಬಂದ ಮ್ಯಾಲ ಹೆಣ್ತಿ "ಇದೇನ್ ಹೊತ್ಕೊಂಡು ತಿರಗ್ಲತ್ತೀರಿ" ಅಂದಾಗೇ ಭುಜದ ಮ್ಯಾಲ ಚೀಲ ಅದ ಅಂತ ನೆನಪಾಯ್ತು. ಹುಡುಗ ಸುಳ್ಳು ಹೇಳಿಲ್ಲ.

ಆದ್ರ ನನ್ನ ತಲಿಯಾಗ ಇನ್ನೊಂದು ಹುಳ ಹೊಕ್ಕಿತ್ತು. ತೊಗರಿ ಗಂಜಿಗಿ ಬಂದಾಗ ನಾವು ಹಸಿ ನೋಡ್ತೀವಿ, ಸರ್ಕಾರಿ ಖರೀದಿಗಿ ನೂರಕ್ಕ 12ರ ಮ್ಯಾಲ ಹಸಿ ಇರಂಗಿಲ್ಲ. ಛಲೋ ಒಣಗಿದ ಕಾಳು ಹಗುರ ಇರ್ತದ, ಅದಕ್ಕೇ ಕ್ವಿಂಟಲಿಗಿ ರೇಟು ಹೆಚ್ಚು ಸಿಗ್ತದ. ಅಲ್ಲಿ ಹೋಗಿದ್ದು ನೀರು. ಅದೇ ಹುಳ ಹತ್ತಿದ ಕಾಳೂ ಹಗುರ ಇರ್ತದಲ್ಲ, ಅದರಾಗ ಹೋಗಿದ್ದು ಬ್ಯಾಳಿ. ಕಾಟಾಕ್ಕ ಇವೆರಡರ ಫರಕು ತಿಳಿಯಂಗಿಲ್ಲ, ಬೊಗಸಿಯಾಗ ಹಿಡದು ನೋಡೋವಗ ತಿಳಿತದ. ಹಂಗೇ ಅವಗ ಕೇಳ್ದೆ, ತಮ್ಮಾ, ಆ ಒಂದು ಕಿಲೋ ನಾಕುನೂರು ಗ್ರಾಂ ಎಲ್ಲಿಂದ ತೆಗದಾರ?

ಅವ ಫೋನಿನಾಗ ಒಂದೊಂದೇ ಬಿಡಿಸಿ ಹೇಳ್ದ. ಭುಜಕ್ಕ ಹಚ್ಚೋ ಕಟಗಿ ಮೊದ್ಲು ಅಕ್ರೋಟಿಂದು ಇರ್ತಿತ್ತು, ಈಗ ಕಾರ್ಬನ್ ಫೈಬರ್, ಪಶ್ಚಿಮ ವರ್ಜೀನಿಯಾದಾಗ ಮೆಲ್ವಿನ್ ಫೋರ್ಬ್ಸ್ ಅಂತ ಒಬ್ಬವ 1980ರ ದಶಕದಾಗೇ ಅರ್ಧ ಕಿಲೋಕ್ಕಿಂತ ಕಮ್ಮಿ ತೂಕದ್ದು ಮಾಡಿ ತೋರಿಸ್ಯಾನ. ಛಲೋ, ಇದು ನೀರು, ಮ್ಯಾಲಾಗಿ ಕಟಗಿ ಮಳಿಗಿ ಉಬ್ಬತದ, ಇದು ಉಬ್ಬಂಗಿಲ್ಲ. ಗುಂಡು ತುಂಬೋ ಡಬ್ಬಿ ಉಕ್ಕಿನ ಬದ್ಲಿ ಟೈಟೇನಿಯಂ, ಅದೇ ಅಳತಿಗಿ ಉಕ್ಕಿನ ಅರ್ಧಕ್ಕಿಂತ ಜರಾ ಹೆಚ್ಚು ತೂಕ. ಇದೂ ನೀರೇ, ಖರ್ಚಿನ ನೀರು. ಆಮ್ಯಾಗ ನಳಿಗಿ, ತೆಳ್ಳಗ, ಪೆನ್ಸಿಲ್ ಹಂಗ, ಮ್ಯಾಲ ಗೆರಿ ಕೊರದದ್ದು. ಇಲ್ಲಿ ನಾ ತಡದೆ. ತೆಳ್ಳನ ನಳಿಗಿ ಮೂರು ಗುಂಡಿಗಿ ಕಾಯ್ತದಂತ, ಕಾದ ಮ್ಯಾಲ ಗುಂಡು ಅತ್ಲಾಗ ಇತ್ಲಾಗ ಹೋಗ್ತದಂತ. ಬೇಟಿಯಾಗ ಒಂದು ಇಲ್ಲಾ ಎರಡು ಗುಂಡಿನ ಮ್ಯಾಲ ಕೆಲಸ ಇರಂಗಿಲ್ಲ ಮಾಮಾ ಅಂದ. ಅದೂ ಖರೇ, ಆದ್ರೂ ಇದು ಬ್ಯಾಳಿಗಿ ಕೈ ಹಾಕಿದಂಗೇ.

ಅದಕ್ಕಿಂತ ದೊಡ್ಡದು ಒದಿಯೋದು. ಗುಂಡು ಅದೇ, ಮದ್ದು ಅದೇ, ಬಂದೂಕದ ತೂಕ ಮೂರರಾಗ ಒಂದು ಪಾಲು ಕಮ್ಮಿ ಆದ್ರ ಭುಜಕ್ಕ ಬೀಳೋ ಹೊಡ್ತ ಒಂದೂವರಿ ಪಟ್ಟು. ನಮ್ಮ ಕಿಲ್ಲೆದಾಗ ಬಾರಾ ಗಜ್ ತೋಪು ಅದಲ್ಲ, 29 ಅಡಿ ಉದ್ದ, ಅದನ್ನ ಹಗುರ ಮಾಡ್ಬೇಕಂತ ಯಾವ ಸುಲ್ತಾನನೂ ತಲಿ ಕೆಡಿಸ್ಕೊಂಡಿಲ್ಲ, ಭಾರ ಇದ್ದಷ್ಟು ಅದು ಇದ್ದಲ್ಲೇ ಇರ್ತದ. ಈ ಹುಡುಗ ಅದರ ಮ್ಯಾಲ .300 ವಿಂಚೆಸ್ಟರ್ ಮ್ಯಾಗ್ನಮ್ ಅಂತ ದೊಡ್ಡ ಗುಂಡಿಂದೇ ತಗೊಳ್ತೀನಿ ಅಂದ. ಬ್ಯಾಡಪಾ ಅಂದೆ. ಎರಡು ಸರ್ತಿ ಭುಜಕ್ಕ ಛಲೋ ಹೊಡ್ತ ಬಿದ್ರ ಮೂರನೇ ಸರ್ತಿ ಘೋಡಾ ಒತ್ತೋಕ್ಕಿಂತ ಮೊದ್ಲೇ ಕಣ್ಣು ಮುಚ್ತದ, ಕಣ್ಣು ಮುಚ್ಚಿ ಹೊಡಿಯೋವಗ ಎರಡೂವರಿ ಲಕ್ಷದ ಬಂದೂಕ ಯಾಕ ಬೇಕು. ಹೊಡ್ತ ಕಮ್ಮಿ ಮಾಡ್ಲಾಕ ನಳಿಗಿ ತುದಿಗಿ ತೂತಿನ ಟೊಪಗಿ ಹಚ್ತಾರಂತ, ಬ್ರೇಕ್ ಅಂತ, ಅದು ಹಚ್ಚಿದ್ರ ಭುಜ ಉಳಿತದ, ಕಿವಿ ಹೋಗ್ತದ, ಬಾಜೂಕ ನಿಂತವಂದು ಸೇರಿ. ಕಡಿಗಿ 6.5 ಕ್ರೀಡ್‌ಮೂರ್ ಅಂತ 2007ರಾಗ ಬಂದ ಸಣ್ಣ ಗುಂಡಿಗಿ ಒಪ್ಪಿಸ್ದೆ. ಹತ್ರ ಹೋಗಿ ಹೊಡಿ, ಸಮಾಧಾನದಿಂದ ಹೊಡಿ ಅಂದೆ. ಜೀವ ತೆಗಿಯೋ ಕೆಲಸ, ಅರ್ಧಂಬರ್ಧ ಆಗ್ಬಾರ್ದು.

ಇನ್ನೊಂದು ಮಾತು ಅವಗ ಹೇಳಿದ್ದು ನನ್ನ ಧಂದಾದ್ದೇ. ಬಂಗಾರದ ಅಂಗಡಿ ತಕ್ಕಡಿ ನೋಡೀರೇನು, ಫ್ಯಾನ್ ಹಚ್ಚಿದ್ರ ಮುಳ್ಳು ಅಲ್ಲಾಡ್ತದ, ಗಾಜಿನ ಡಬ್ಬಿಯಾಗ ಇಡ್ತಾರ. ಗಂಜಿನ ಕಾಟಾಕ್ಕ ಬಿರಗಾಳಿ ಬಂದ್ರೂ ಏನಾಗಂಗಿಲ್ಲ. ಹಗುರ ಬಂದೂಕಾನೂ ಹಂಗೇ, ಗುಡ್ಡ ಹತ್ತಿ ಏದುಸಿರು ಬಿಡ್ಕೊಂತ ಎತ್ತಿ ಹಿಡದ್ರ ನಳಿಗಿ ತುದಿ ನಾಡಿ ಬಡದಂಗ ಬಡಿತದ. ಭಾರದ್ದು ತನ್ನ ತೂಕಕ್ಕೇ ನಿಂತ್ಕೊಳ್ತದ. ಅದಕ್ಕ ಟಿಕ್ಕಾನೇ ತಗೋ, ಎರಡು ಕಿಲೋ ಎಂಟುನೂರು ಭಾರನೂ ಅಲ್ಲ, ಹಗುರನೂ ಅಲ್ಲ, ಉಳದ ರೊಕ್ಕಕ್ಕ ಗುಂಡು ತಗೊಂಡು ಹೊಡಿಯೋದು ಕಲಿ ಅಂದೆ. ಮತ್ತ ಗುರಿ ನೋಡ್ಲಾಕ ಬಂದೂಕದ ಮ್ಯಾಲ ಹಚ್ಚೋ ದುರ್ಬೀನು ಜ್ವಾಕಿ ಅಂದೆ, ಬಂದೂಕದಾಗ ಆರುನೂರು ಗ್ರಾಂ ಉಳಿಸಿ ಅದರ ಮ್ಯಾಲ ಎಂಟುನೂರು ಗ್ರಾಮಿನ ದುರ್ಬೀನು ಹೇರೋ ಮಂದಿನೂ ಅದಾರಂತ. ಅವ ಸ್ವರೋವ್ಸ್ಕಿ ದುರ್ಬೀನಿನ ಹೆಸರು ಹೇಳಿದಾಗ ನನ್ನ ಹೆಣ್ತಿ ಒಳಗಿಂದ ಓಡಿ ಬಂದ್ಳು, ಅಕಿಗಿ ಅದು ಕಿವಿಯೋಲೆ ಹಳ್ಳಿನ ಕಂಪನಿ ಅಂತಷ್ಟೇ ಗೊತ್ತು. ಅದರ ಮುಂದಿನ ಮಾತುಕತಿ ಇಲ್ಲಿ ಬರಿಯಂಗಿಲ್ಲ.

ಅಳಿಯ ಎಲ್ಲಾ ಹೂಂ ಹೂಂ ಅಂತ ಕೇಳ್ದ, ಕೇಳಿ ವೆದರ್ಬಿನೇ ತಗೊಂಡ. ತಗೋಳೋದು ಮೊದ್ಲೇ ಪಕ್ಕಾ ಮಾಡ್ಕೊಂಡಿರ್ತಾರ, ಹಿರೇರ್ನ ಕೇಳೋದು ಒಂದು ಪದ್ಧತಿ, ಲಗ್ನದಾಗೂ ಹಂಗೇ. ಆದ್ರ ಗುಂಡು ನಾ ಹೇಳಿದ್ದೇ ತಗೊಂಡ, ದುರ್ಬೀನೂ ಹಗುರಿಂದೇ, ಅಷ್ಟು ಮರ್ಯಾದಿ ಇಟ್ಟ.

ದಸರಾ ಆದ ಮ್ಯಾಲ ವಿಡಿಯೋ ಕಳಿಸ್ದ. ಎಲ್ಕ್ ಬಿದ್ದದ, ಒಂದೇ ಗುಂಡಿಗಿ. ಬಂದೂಕ ಹೊತ್ತಿದ್ದೇ ಗೊತ್ತಾಗ್ಲಿಲ್ಲ ಮಾಮಾ ಅಂದ. ಅದು ಆಯ್ತು, ಮುಂದ? ಮಾಂಸ ಕಾಡಿನಾಗ ಬಿಟ್ಟು ಬಂದ್ರ ಅಲ್ಲಿ ಗುನ್ಹೆ ಅಂತ, ಎಲುಬು ತೆಗದು ಬರೇ ಮಾಂಸ ನೂರು ಕಿಲೋದ ಹತ್ರ ಆಯ್ತಂತ. ಗಾಡಿ ನಿಂತಿದ್ದು ಮೂರು ಮೈಲು ಕೆಳಗ. ಅವ ಮತ್ತ ಅವನ ದೋಸ್ತ ಬೆನ್ನಿಗಿ ಚೀಲ ಕಟ್ಕೊಂಡು ಎರಡು ದಿನ ಏರಿ ಇಳದು ಏರಿ ಇಳದು ಹೊತ್ತಾರ. ವಿಡಿಯೋದಾಗ ಕುಂಟ್ಕೊಂತ ಬರ್ಲತ್ತಿದ್ದ. ಅವತ್ತೇ ಸಂಜಿಗಿ ಅಕ್ಕ ಫೋನ್ ಮಾಡಿ "ಹುಡುಗ ಭುಜ ನೋವು ಅಂತಾನ, ಜಿಮ್ಮಿಗಿ ಹೊಂಟಾನಂತ, ನೀನಾದ್ರೂ ಹೇಳೋ ಭಾರ ಎತ್ತಬ್ಯಾಡ ಅಂತ" ಅಂದ್ಳು. ಹೇಳ್ತೀನಿ ಬಿಡಕ್ಕ ಅಂದೆ.

ಆ ವಿಡಿಯೋ ನಮ್ಮ ಹಮಾಲ ಚಾಚಾಗ ತೋರಿಸ್ದೆ. ಅರವತ್ತರ ಹತ್ರ ವಯಸ್ಸು, ನೂರು ಕಿಲೋ ಚೀಲಿದ್ದ ಕಾಲದಾಗ ಲಾರಿ ಹಲಗಿ ಮ್ಯಾಲ ಓಡ್ಕೊಂತ ಹತ್ತಿದವ. ಬೀಡಿ ಕೈಯಾಗ ಹಿಡ್ಕೊಂಡು ಕಣ್ಣು ಸಣ್ಣ ಮಾಡಿ ಪೂರಾ ನೋಡ್ದ.

"ಎಷ್ಟ ಮಾಲ್ ಅದ ಸಾಹುಕಾರ?"

"ಒಂದು ಕ್ವಿಂಟಲ್."

"ಒಂದೇ ಚೀಲ. ಇಬ್ರಿಗಿ ಎರಡು ದಿನ?"

"ಹೂಂ, ಗುಡ್ಡ ಅದ ಚಾಚಾ."

ಜರಾ ವಿಚಾರ ಮಾಡ್ದ. "ಹಮಾಲಿ ಎಷ್ಟ ಕೊಡ್ತಾರಂತ?"

ಅವನೇ ರೊಕ್ಕ ಕಟ್ಟಿ ಹೊತ್ತಾನ ಅಂತ ಹೇಳ್ದೆ. ಚಾಚಾ ಮೊಬೈಲ್ ವಾಪಸ್ ಕೊಟ್ಟು, ಹೆಗಲ ಮ್ಯಾಲಿನ ವಸ್ತ್ರ ಝಾಡಿಸಿ, ಲಾರಿ ಕಡಿ ಹೊಂಟ.